ತಳ್ಳಿ ಅಂತ ನಾನು ಕೇಳಿದ್ನಾ?

ಬೆನ್ನ ಮೇಲೆ ಯಾರದೋ ಕೈ.

ಮೊದಲು ಅವಳಿಗೆ ಅದು ಗೊತ್ತೇ ಆಗಲಿಲ್ಲ. ಏರಿನ ಅರ್ಧದಲ್ಲಿದ್ದಳು. ಉಸಿರು ಎದೆಯಲ್ಲೇ ಸಿಕ್ಕಿಕೊಂಡಿತ್ತು, ತೊಡೆ ಉರಿಯುತ್ತಿತ್ತು, ಬೆವರು ಕಣ್ಣಿಗಿಳಿದು ಎದುರಿನ ರಸ್ತೆ ಮಸುಕಾಗಿತ್ತು. ಇದ್ದಕ್ಕಿದ್ದ ಹಾಗೆ ಸೈಕಲ್ಲು ಹಗುರವಾಯಿತು. ಪೆಡಲ್ ತಾನಾಗಿಯೇ ತಿರುಗತೊಡಗಿತು.

ಅರೆ, ಬಂತಲ್ಲ ಶಕ್ತಿ ಅಂದುಕೊಂಡಳು.

ಮರುಕ್ಷಣವೇ ಬೆನ್ನ ಮೇಲೆ ಬೆರಳುಗಳು ಊರಿರುವುದು ತಿಳಿಯಿತು. ತಿರುಗಿ ನೋಡಿದಳು. ಪಕ್ಕದಲ್ಲಿ ಒಬ್ಬ ಗಂಡಸು. ಒಂದು ಕೈಯಲ್ಲಿ ತನ್ನ ಹ್ಯಾಂಡಲ್ ಹಿಡಿದು, ಇನ್ನೊಂದು ಕೈಯಲ್ಲಿ ಅವಳನ್ನು ಉಯ್ಯಾಲೆಯಲ್ಲಿ ಕೂತ ಮಗುವಿನ ಹಾಗೆ ತಳ್ಳುತ್ತಿದ್ದ. ಮುಖದ ತುಂಬ ಉಪಕಾರದ ನಗು ಬೇರೆ.

"ಕೈ ತೆಗೀರಿ."

"ಇನ್ನು ಸ್ವಲ್ಪ ದೂರ, ಅಷ್ಟೇ..."

"ಕೈ ತೆಗೀರಿ ಅಂದೆ."

ತೆಗೆದ. ಸೈಕಲ್ಲು ನಿಂತಿತು. ಕಾಲು ಊರುವಷ್ಟೂ ಹೊತ್ತು ಸಿಗಲಿಲ್ಲ. ಅವಳು ಸೈಕಲ್ ಸಮೇತ, ನಿಧಾನಕ್ಕೆ, ರಸ್ತೆ ಪಕ್ಕದ ಹುಲ್ಲಿನ ಮೇಲೆ ವಾಲಿಕೊಂಡಳು.

ಅವನು ಗಾಬರಿಯಾಗಿ ಇಳಿದು ಓಡಿ ಬಂದ. ಎಬ್ಬಿಸಲು ಕೈ ಚಾಚಿದ.

"ಮುಟ್ಟಬೇಡಿ."

"ನೀವು ನಿಂತೇ ಹೋಗ್ತಿದ್ರಿ. ಅದಕ್ಕೆ..."

"ನಿಂತ್ರೆ ನಿಲ್ತೀನಿ. ಬಿದ್ರೆ ಬೀಳ್ತೀನಿ. ತಳ್ಳಿ ಅಂತ ನಾನು ಕೇಳಿದ್ನಾ?"

"ಇಲ್ಲ. ಆದ್ರೆ ನಮ್ಮ ಗುಂಪಲ್ಲಿ ಹೊಸಬರಿಗೆ ಹೀಗೇ ಸಹಾಯ ಮಾಡೋದು..."

"ಸಹಾಯ ಬೇಕಾ ಅಂತ ಕೇಳೋಕೆ ನಿಮಗೆ ಬಾಯಿಲ್ವಾ?"

ಅವಳು ಎದ್ದು, ಮೊಣಕೈಗೆ ಅಂಟಿದ ಹುಲ್ಲು ಕೊಡವಿಕೊಂಡು, ಸೈಕಲ್ಲನ್ನು ತಳ್ಳಿಕೊಂಡೇ ಉಳಿದ ಏರು ನಡೆದಳು. ಹಿಂತಿರುಗಿ ನೋಡಲಿಲ್ಲ.

ಗುಡ್ಡದ ಮೇಲೆ ಸೈಕಲ್ ಗುಂಪಿನವರೆಲ್ಲ ನೀರು ಕುಡಿಯುತ್ತ ನಿಂತಿದ್ದರು. ಅವಳನ್ನು ಕಂಡದ್ದೇ ಚಪ್ಪಾಳೆ ಶುರುವಾಯಿತು. "ಹತ್ತಿಬಿಟ್ರಲ್ಲ ಡಾಕ್ಟ್ರೇ, ಭೇಷ್!"

"ನಾನು ಹತ್ತಿಲ್ಲ," ಅಂದಳು ಅವಳು, ಹೆಲ್ಮೆಟ್ ಬಿಚ್ಚುತ್ತ. "ಸ್ವಲ್ಪ ದೂರ ಅವರು ತಳ್ಳಿದ್ರು. ಉಳಿದಿದ್ದು ನಡ್ಕೊಂಡು ಬಂದೆ. ಚಪ್ಪಾಳೆ ಅವರಿಗೆ ಹೊಡೀರಿ."

ಚಪ್ಪಾಳೆ ಅಲ್ಲಲ್ಲೇ ನಿಂತಿತು.

ಇಷ್ಟಕ್ಕೇ ಇಷ್ಟೊಂದು ಸಿಟ್ಟೇ ಅಂತ ಯಾರಿಗಾದರೂ ಅನ್ನಿಸಬಹುದು. ಆದರೆ ಅವಳ ಬೆನ್ನ ಮೇಲೆ ಕೈ ಬಿದ್ದದ್ದು ಅದೇ ಮೊದಲಲ್ಲ.

ಅವಳು ಹಲ್ಲಿನ ಡಾಕ್ಟರ್. ಅಪ್ಪ ಹೋದ ಮೇಲೆ ಮನೆಯ ಭಾರವನ್ನೆಲ್ಲ ಹೊತ್ತವನು ಅಣ್ಣ. ಹಲ್ಲಿನ ಕಾಲೇಜಿಗೆ ಅರ್ಜಿ ತುಂಬಿದ್ದು ಅಣ್ಣ. ಕ್ಲಿನಿಕ್ಕಿಗೆ ಜಾಗ ನೋಡಿದ್ದು ಅಣ್ಣ. ಕಿಟಕಿಯ ಪರದೆಗೆ ಬಣ್ಣ ಆರಿಸಿದ್ದೂ ಅಣ್ಣನೇ. ಅವಳಿಗೆ ಹಳದಿ ಕಂಡರಾಗದು, ಪರದೆ ಹಳದಿ. ಅಣ್ಣನದು ಪ್ರೀತಿಯೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ಪ್ರೀತಿಗೆ ಕಿವಿ ಇರಲಿಲ್ಲ.

ಸೈಕಲ್ಲೊಂದು ಮಾತ್ರ ಅವಳು ತಾನೇ ಹೋಗಿ, ತಾನೇ ನೋಡಿ ಕೊಂಡದ್ದು. ಊರಾಚೆಯ ಗುಡ್ಡವನ್ನು ಯಾರ ಹಂಗೂ ಇಲ್ಲದೆ ಹತ್ತಬೇಕು ಅನ್ನುವುದು ಅವಳ ಆಸೆ. ಅಲ್ಲಿಗೂ ಬಂದಿತ್ತಲ್ಲ ಒಂದು ಕೈ...

ಆ ಕೈಯವನು ಶಾಲೆಯೊಂದರಲ್ಲಿ ಡ್ರಾಯಿಂಗ್ ಮೇಷ್ಟ್ರು. ಭಾನುವಾರಗಳಲ್ಲಿ ಸೈಕಲ್ ಗುಂಪಿನ ಹೊಸಬರನ್ನು ಕರೆದೊಯ್ಯುವ ಹೊಣೆ ಅವನದು. ಎಲ್ಲರಿಗೂ ಅವನು 'ಮೇಷ್ಟ್ರು'. ಅವಳಿಗೆ ಮಾತ್ರ ಆ ವಾರವಿಡೀ 'ಆ ಮನುಷ್ಯ'.

ಆ ಮನುಷ್ಯ ವಾರದ ಕೊನೆಗೆ ಕೆನ್ನೆ ಹಿಡಿದುಕೊಂಡು ಅವಳ ಕ್ಲಿನಿಕ್ಕಿಗೇ ಬಂದ. ದವಡೆ ಹಲ್ಲಿನ ಚೂರೊಂದು ಮುರಿದಿತ್ತು. ಒಳಗೆ ಕಾಲಿಟ್ಟವನು ಅವಳನ್ನು ಕಂಡು ಬಾಗಿಲಲ್ಲೇ ನಿಂತ.

"ನಿಮ್ಮ ಕ್ಲಿನಿಕ್ ಅಂತ ಗೊತ್ತಿರಲಿಲ್ಲ. ಬೇರೆ ಕಡೆ ಹೋಗಲಾ?"

"ಹಲ್ಲು ಏನು ತಪ್ಪು ಮಾಡಿದೆ? ಕೂತ್ಕೊಳ್ಳಿ. ಬಾಯಿ ತೆಗೀರಿ."

ಬಾಯಿ ತೆಗೆದ. ಅವಳು ಹತ್ತಿ ತುರುಕಿದಳು. ಇಡೀ ವಾರ ಒಳಗೊಳಗೇ ಕುದಿಯುತ್ತಿದ್ದ ಮಾತಿಗೆ ಇದಕ್ಕಿಂತ ಒಳ್ಳೆಯ ಸಮಯ ಇನ್ನೆಲ್ಲಿ ಸಿಕ್ಕೀತು?

"ಈಗ ನೋಡಿ, ನಾನು ಕೆಲಸ ಶುರು ಮಾಡೋ ಮುಂಚೆ ಕೇಳ್ತೀನಿ. ನೋವಾಗ್ತಿದೆಯಾ ಅಂತ ಕೇಳ್ತೀನಿ. ಸಾಕಾ ಅಂತ ಕೇಳ್ತೀನಿ. ನಿಮ್ಮ ಒಳ್ಳೇದಕ್ಕೇ ಮಾಡೋದಾದ್ರೂ ಕೇಳ್ತೀನಿ. ಯಾಕೆ ಹೇಳಿ? ಬಾಯಿ ನಿಮ್ಮದು."

"ಆಂ..." ಅಂದ ಮೇಷ್ಟ್ರು.

"ನೀವು ಕೇಳಿದ್ರಾ? ಇಲ್ಲ. ಹೆಣ್ಣು ಹೆಂಗಸು, ಹೊಸಬಳು, ಸುಸ್ತಾಗಿದಾಳೆ, ತಳ್ಳಿಬಿಡೋಣ. ತಲೆ ಅಲ್ಲಾಡಿಸಬೇಡಿ, ಕೈಲಿ ಡ್ರಿಲ್ ಇದೆ."

ಪಕ್ಕದಲ್ಲಿ ನಿಂತಿದ್ದ ನರ್ಸ್ ಕಣ್ಣರಳಿಸಿ ಒಮ್ಮೆ ಇವಳನ್ನು, ಒಮ್ಮೆ ಅವನನ್ನು ನೋಡಿದಳು.

ಕೆಲಸ ಮುಗಿಯಿತು. ಅವನು ಬಾಯಿ ಮುಕ್ಕಳಿಸಿ, ಒರೆಸಿಕೊಂಡು, ಅವಳ ಮುಖ ನೋಡಿದ. ಈಗ ಶುರುವಾಗುತ್ತೆ ನೋಡು ಸಬೂಬು ಅಂತ ಅವಳೂ ಟೊಂಕ ಕಟ್ಟಿ ನಿಂತಳು.

"ನಾನು ಕೇಳಬೇಕಿತ್ತು. ಕೇಳಲಿಲ್ಲ. ತಪ್ಪು ನಂದೇ."

ಅಷ್ಟೇ. ಜಗಳಕ್ಕೆ ನಿಂತವಳಿಗೆ ಎದುರಾಳಿಯೇ ಇಲ್ಲದ ಹಾಗಾಯಿತು.

ಬಾಗಿಲ ತನಕ ಹೋದವನು ತಿರುಗಿದ. "ಏರು ಹತ್ತೋದು ಶಕ್ತಿಗಿಂತ ಹೆಚ್ಚಾಗಿ ಉಪಾಯದ ಕೆಲಸ. ನಿಮಗೆ ಇಷ್ಟ ಇದ್ರೆ ಹೇಳಿಕೊಡ್ತೀನಿ. ಬೇಡ ಅಂದ್ರೆ ಬೇಡ."

ಬೇಡ ಅನ್ನಬೇಕೆಂದೇ ಬಾಯಿ ತೆರೆದಳು. ಆದರೆ ಗುಡ್ಡದ ನೆನಪಾಯಿತು.

"ಮುಟ್ಟೋ ಹಾಗಿಲ್ಲ."

"ಒಂದು ಬೆರಳೂ ಇಲ್ಲ."

ಹಾಗೆ ಶುರುವಾಯಿತು ಪಾಠ. ವಾರಕ್ಕೆರಡು ಬೆಳಗ್ಗೆ, ಗುಡ್ಡದ ಬುಡದಲ್ಲಿ. ಮೇಷ್ಟ್ರು ಮಾತು ಕೊಟ್ಟ ಹಾಗೆ ಒಂದಾಳು ದೂರದಲ್ಲೇ ಇರುತ್ತಿದ್ದ.

"ನೀವು ಗೇರ್ ಯಾವಾಗ ಬದಲಾಯಿಸ್ತೀರಿ?"

"ಕಷ್ಟ ಆದಾಗ."

"ಅಷ್ಟೊತ್ತಿಗೆ ತಡವಾಗಿರುತ್ತೆ. ಚೈನಿನ ಮೇಲೆ ಭಾರ ಬಿದ್ದಾಗ ಬದಲಾಯಿಸಿದ್ರೆ ಅದು ಕಟಕಟ ಅಂತ ಒದ್ದಾಡುತ್ತೆ. ಏರು ಶುರುವಾಗೋ ಮುಂಚೆ, ಕಾಲು ಇನ್ನೂ ಸಲೀಸಾಗಿ ತಿರುಗ್ತಾ ಇರುವಾಗಲೇ ಹಗುರದ ಗೇರಿಗೆ ಬನ್ನಿ."

ಇನ್ನೊಂದು ದಿನ ಅವಳು ಬುಡದಿಂದಲೇ ಜೋರಾಗಿ ತುಳಿದು, ಮೊದಲ ತಿರುವಿನಲ್ಲೇ ಏದುಸಿರು ಬಿಡುತ್ತ ನಿಂತಳು.

"ಯಾರನ್ನ ಹಿಡಿಯೋಕೆ ಓಡ್ತಿದ್ರಿ?"

"ಆ ನೀಲಿ ಅಂಗಿಯವರು ನನ್ನ ದಾಟಿ ಹೋದ್ರು."

"ಹೋಗಲಿ ಬಿಡಿ. ಅವರ ಏರು ಅವರದು. ಶುರುವಿನಲ್ಲಿ, ಅಯ್ಯೋ ಇಷ್ಟು ನಿಧಾನವಾ ಅಂತ ನಾಚಿಕೆ ಆಗಬೇಕು, ಅಷ್ಟು ನಿಧಾನ ಹೋಗಿ. ಕಾಲು ಒಂದೇ ಲಯದಲ್ಲಿ ತಿರುಗ್ತಿರಲಿ. ಮಾತಾಡೋಕೆ ಆಗೋಷ್ಟು ಉಸಿರು ಉಳಿದಿರಲಿ."

ಹ್ಯಾಂಡಲ್ಲನ್ನು ಹಲ್ಲು ಕೀಳುವ ಇಕ್ಕಳದ ಹಾಗೆ ಬಿಗಿಹಿಡಿಯಬೇಡಿ ಅಂದ. ಭುಜ ಸಡಿಲ ಬಿಡಿ, ಸೀಟಿನ ಮೇಲೇ ಕೂತಿರಿ ಅಂದ. ತುದಿ ನೋಡಬೇಡಿ, ಮುಂದಿನ ನಾಲ್ಕು ಮಾರು ರಸ್ತೆ ನೋಡಿ ಅಂದ. ಕಡಿದಾದ ತಿರುವಿನ ಒಳ ಅಂಚು ಇನ್ನೂ ಕಡಿದಾಗಿರುತ್ತೆ, ಗಾಡಿ ಬರುತ್ತಿಲ್ಲ ಅಂತ ಖಾತ್ರಿ ಮಾಡಿಕೊಂಡು ಸ್ವಲ್ಪ ಅಗಲಕ್ಕೆ ಸುತ್ತಿ ಅಂದ. ನಡುವೆ ನಿಂತುಬಿಟ್ಟರೆ? "ಸೈಕಲ್ಲನ್ನ ರಸ್ತೆಗೆ ಅಡ್ಡ ಮಾಡಿ ಹೊರಡಿ. ನೇರ ಮೇಲಕ್ಕೆ ಹೊರಡೋಕೆ ಹೋದ್ರೆ ಮತ್ತೆ ಹುಲ್ಲೇ ಗತಿ."

ಅವಳಿಗೆ ನಗು ಬಂತು. ಅವನೂ ನಕ್ಕ. ನಕ್ಕಾಗ ಅವನ ಕೆನ್ನೆಯಲ್ಲಿ ಬಣ್ಣದ ಕಲೆಯೊಂದಿರುವುದು ಕಂಡಿತು. ಶಾಲೆಯ ಮಕ್ಕಳ ಕುಂಚದ್ದು. ಇಷ್ಟು ದಿನ ನೋಡೇ ಇರಲಿಲ್ಲವಲ್ಲ ಅಂದುಕೊಂಡಳು. ಯಾಕೆ ನೋಡಬೇಕು ಅಂತಲೂ ಅಂದುಕೊಂಡಳು.

ನಡುವೆ ಒಂದು ಸಲ ಸೈಕಲ್ಲನ್ನು ಸರ್ವೀಸಿಗೆ ಬಿಟ್ಟಿದ್ದಳು. ಅದು ಬಂದ ಮುಂದಿನ ಭಾನುವಾರವೇ ಆ ದಿನ ಬಂತು. ಒಂದು ಸಲವೂ ನಿಲ್ಲದೆ, ಒಂದು ಸಲವೂ ಇಳಿಯದೆ, ಗುಡ್ಡದ ತುದಿ ಮುಟ್ಟಿದಳು.

ತುದಿಯಲ್ಲಿ ನಿಂತು ನಕ್ಕಳು. ಅಷ್ಟು ಜೋರಾಗಿ ನಕ್ಕು ಎಷ್ಟು ವರ್ಷವಾಗಿತ್ತೋ. ಮೇಷ್ಟ್ರು ಹಿಂದಿನಿಂದ ಬಂದವನು ಅವಳ ಮುಖ ನೋಡಿದ, ಸೈಕಲ್ಲಿನ ಹಿಂದಿನ ಗಾಲಿ ನೋಡಿದ, ಮತ್ತೆ ಅವಳ ಮುಖ ನೋಡಿದ. ಏನೋ ಹೇಳಲು ಹೊರಟವನು ನಿಂತ.

"ಏನು?"

"ಏನಿಲ್ಲ. ಚೆನ್ನಾಗಿ ಹತ್ತಿದ್ರಿ."

ಆ ರಾತ್ರಿ ಅವಳಿಗೆ ಖುಷಿಗೆ ಊಟವೇ ಸೇರಲಿಲ್ಲ. ಖುಷಿ ಗುಡ್ಡದ್ದೋ, ಆ 'ಚೆನ್ನಾಗಿ ಹತ್ತಿದ್ರಿ'ಯದೋ, ಬಿಡಿಸಿ ನೋಡಲು ಹೋಗಲಿಲ್ಲ.

ವಾರದ ಕೊನೆಗೆ ಆ ಖುಷಿಯ ಬೆಲೂನಿನ ಗಾಳಿ ತೆಗೆದದ್ದು ಸೈಕಲ್ ಅಂಗಡಿಯವನು. ಪಾಪ, ಅವನಿಗೇನು ಗೊತ್ತು? ಪಂಕ್ಚರ್ ಹಾಕುತ್ತ ಸಹಜವಾಗಿ ಕೇಳಿದ.

"ಹಿಂದಿನ ಗಾಲೀಲಿ ಚೈನು ಕೂರೋ ದೊಡ್ಡ ಹಲ್ಲುಚಕ್ರ ಚೆನ್ನಾಗಿ ಕೂತಿದೆಯಾ ಡಾಕ್ಟ್ರೇ? ಏರು ಹಗುರ ಆಯ್ತಾ?"

"ಯಾವ ದೊಡ್ಡ ಚಕ್ರ?"

"ಸರ್ವೀಸಿಗೆ ಬಂದಾಗ ಬದಲಾಯಿಸಿದ್ದು. ನಿಮ್ಮ ಅಣ್ಣಾವ್ರು ಬಂದು ಹಾಕಿಸಿ ಹೋದ್ರಲ್ಲ. ಯಾಕೆ, ಹೇಳಲಿಲ್ವಾ?"

ಅವಳು ಬಗ್ಗಿ ಹಿಂದಿನ ಗಾಲಿ ನೋಡಿದಳು. ಹೌದು. ತಟ್ಟೆಯಷ್ಟು ಅಗಲದ ಹೊಸ ಚಕ್ರ ಫಳಫಳ ಹೊಳೆಯುತ್ತಿತ್ತು. ದಿನಬೆಳಗಾದರೆ ಜನರ ಹಲ್ಲು ಎಣಿಸುವವಳಿಗೆ ತನ್ನ ಸೈಕಲ್ಲಿನ ಹಲ್ಲು ಕಂಡಿರಲಿಲ್ಲ.

"ಮೇಷ್ಟ್ರಿಗೆ ಗೊತ್ತಲ್ಲ," ಅಂದ ಅಂಗಡಿಯವನು. "ಸೋಮವಾರವೇ ಬಂದು ಕೇಳಿದ್ರು, ಇದನ್ನ ಯಾರು ಹಾಕಿಸಿದ್ದು ಅಂತ."

ಅವಳ ಕಿವಿ ಬಿಸಿಯಾಯಿತು.

ಸೀದಾ ಅಣ್ಣನ ಮನೆಗೆ ಹೋದಳು. ಅಣ್ಣ ಊಟಕ್ಕೆ ಕೂತಿದ್ದ. ಅತ್ತಿಗೆ ಬಡಿಸುತ್ತಿದ್ದಳು.

"ನನ್ನ ಸೈಕಲ್ಲಿನ ಚಕ್ರ ಯಾಕೆ ಬದಲಾಯಿಸಿದೆ?"

"ಓ, ಅದಾ?" ಅಣ್ಣನ ಮುಖ ಅರಳಿತು. "ಮಂಡಿ ನೋವು ಅಂತಿದ್ದೆಯಲ್ಲ. ಏನು ಮಾಡಿದ್ರೆ ಏರು ಹಗುರ ಆಗುತ್ತೆ ಅಂತ ಅಂಗಡಿಯವನನ್ನ ಕೇಳಿದೆ. ಹತ್ತಿದೆಯಂತೆ? ನೋಡು, ಕೆಲಸ ಮಾಡ್ತು."

"ನನ್ನನ್ನ ಒಂದು ಮಾತು ಕೇಳಬೇಕು ಅನ್ನಿಸಲಿಲ್ವಾ?"

"ಕೇಳಿದ್ರೆ ಬೇಡ ಅಂತಿದ್ದೆ."

"ಅದಕ್ಕೇ ಕೇಳಬೇಕಣ್ಣ."

ಅಣ್ಣನ ಕೈಯಲ್ಲಿನ ತುತ್ತು ಅಲ್ಲೇ ನಿಂತಿತು. ಅತ್ತಿಗೆ ಸಾರಿನ ಸೌಟು ಪಾತ್ರೆಗಿಟ್ಟು, "ನಾನು ಹೇಳಿದ್ದೆ ಇವರಿಗೆ," ಅಂದಳು ಮೆಲ್ಲಗೆ. "ನಮ್ಮ ಮಲಗೋ ಕೋಣೆಗೂ ಹಳದಿ ಪರದೆಯೇ."

ಬೇರೆ ಹೊತ್ತಾಗಿದ್ದರೆ ಅವಳು ನಗುತ್ತಿದ್ದಳೇನೋ. "ನಾನೇ ಹತ್ತಿದೆ ಅಂತ ಒಂದು ವಾರ ನೆಲದ ಮೇಲೆ ಕಾಲಿಟ್ಟಿರಲಿಲ್ಲ. ಅದನ್ನ ಕಿತ್ಕೊಂಡೆ ನೀನು," ಅಂದು ಹೊರಟುಬಿಟ್ಟಳು.

ಭಾನುವಾರ ಗುಡ್ಡದ ಬುಡದಲ್ಲಿ ಮೇಷ್ಟ್ರು ಸಿಕ್ಕ.

"ನಿಮಗೆ ಗೊತ್ತಿತ್ತಾ?"

ಏನು ಅಂತ ಅವನು ಕೇಳಲಿಲ್ಲ. "ಗೊತ್ತಿತ್ತು."

"ಯಾವಾಗಿಂದ?"

"ಆವತ್ತು ಮೇಲೆ ಬಂದಾಗಲೇ ಗಾಲಿ ನೋಡಿದೆ. ನೀವೇ ಹಾಕಿಸಿದ್ರೇನೋ ಅಂದ್ಕೊಂಡೆ. ಮಾರನೇ ದಿನ ಅಂಗಡೀಲಿ ವಿಷಯ ಗೊತ್ತಾಯ್ತು."

"ಆಮೇಲೆ ಎಷ್ಟು ಸಲ ಸಿಕ್ಕಿದೀರಿ ನನಗೆ. ಯಾಕೆ ಹೇಳಲಿಲ್ಲ?"

"ನೀವು ನಗ್ತಾ ಇದ್ರಿ," ಅಂದ ಅವನು, ತಲೆ ತಗ್ಗಿಸಿ. "ಬಾಯಿ ಬರಲಿಲ್ಲ."

ಉರಿಯುವ ಒಲೆಗೆ ಎಣ್ಣೆ ಸುರಿದ ಹಾಗಾಯಿತು. "ಓಹೋ. ನಾನು ಏನು ತಿಳ್ಕೊಂಡ್ರೆ ನಗ್ತೀನಿ, ಏನು ತಿಳ್ಕೊಂಡ್ರೆ ಅಳ್ತೀನಿ, ಅದನ್ನೂ ನೀವೇ ಲೆಕ್ಕ ಹಾಕಿಬಿಟ್ರಾ? ಅಣ್ಣನಿಗೂ ನಿಮಗೂ ಏನು ವ್ಯತ್ಯಾಸ?"

"ಚಕ್ರ ಬೇರೆ ಆದ್ರೂ ತುಳಿದಿದ್ದು ನೀವೇ. ಅದನ್ನಾದ್ರೂ..."

"ಸಾಕು. ಇನ್ನು ನನ್ನ ಹತ್ತಿರ ಬರಬೇಡಿ."

ಅವನು ನಿಧಾನಕ್ಕೆ ತಲೆಯಾಡಿಸಿ, ಸೈಕಲ್ ತಿರುಗಿಸಿಕೊಂಡು ಹೋದ.

ಅವಳು ಅಂಗಡಿಗೆ ಹೋಗಿ ಹಳೆಯ ಚಕ್ರವನ್ನೇ ಹಾಕಿಸಿದಳು. ಅಂಗಡಿಯವನು ತಲೆ ಕೆರೆದುಕೊಂಡ, ಆದರೆ ಅವಳ ಮುಖ ನೋಡಿ ಮಾತಾಡುವ ಧೈರ್ಯ ಮಾಡಲಿಲ್ಲ. ಮಾರನೇ ಬೆಳಗ್ಗೆ ಗುಡ್ಡಕ್ಕೆ ಹೊರಟಳು. ಹತ್ತಿಯೇ ತೋರಿಸುತ್ತೇನೆ, ಇವರೆಲ್ಲರ ಕಣ್ಣಿಗೆ ರಾಚುವ ಹಾಗೆ ಹತ್ತುತ್ತೇನೆ...

ಮೊದಲ ತಿರುವು ದಾಟಿತು. ಎರಡನೆಯದರಲ್ಲಿ ಪೆಡಲ್ ಕಲ್ಲಾಯಿತು. ಸೀಟಿನಿಂದೆದ್ದು ನಿಂತು ತುಳಿದಳು. ಮಂಡಿಯೊಳಗೆ ಚುಳುಕ್ ಎಂದಿತು. ಇನ್ನೂ ತುಳಿದಳು. ಕಣ್ಣಲ್ಲಿ ನೀರು ಬಂತು. ಕೊನೆಗೆ ಇಳಿದು ರಸ್ತೆಯಂಚಿನ ಮೋಟುಗೋಡೆಯ ಮೇಲೆ ಕೂತು ಮಂಡಿ ನೀವಿಕೊಂಡಳು.

ಯಾರಿಗೆ ತೋರಿಸಲು ಹೊರಟಿದ್ದೆ ನಾನು?

ಮಂಡಿ ನನ್ನದು. ನೋವು ನನ್ನದು. ಹಟ ಮಾತ್ರ ಅವರ ಮೇಲಿನದು. ಅವರ ಮೇಲಿನ ಸಿಟ್ಟಿಗೆ ಈ ಚಕ್ರ ಹಾಕಿಸಿಕೊಂಡರೆ ಇದೂ ಅವರು ಆರಿಸಿದ ಹಾಗೇ ಆಯಿತಲ್ಲ... ಹಗುರದ ಗೇರು ಅವಮಾನ ಅಂತ ಯಾರು ಹೇಳಿದರು? ಅವರವರ ಕಾಲಿಗೆ ತಕ್ಕ ಚಕ್ರ. ಅವಳ ಸಿಟ್ಟು ಚಕ್ರದ ಮೇಲಲ್ಲ, ಕೇಳದೆ ಹಾಕಿದ್ದರ ಮೇಲೆ.

ಹಾಗೆ ಬಿಡಿಸಿಕೊಂಡ ಮೇಲೆ ಸಿಟ್ಟು ಕಡಿಮೆಯಾಗಲಿಲ್ಲ. ಆದರೆ ಅದು ಈಗ ಸರಿಯಾದ ಜಾಗದಲ್ಲಿ ಕೂತಿತ್ತು.

ಮತ್ತೆ ಅಂಗಡಿಗೆ ಬಂದಳು. "ದೊಡ್ಡದನ್ನೇ ಹಾಕಿ."

"ಅಣ್ಣಾವ್ರು ಹೇಳಿದ್ರಾ?"

"ನಾನು ಹೇಳ್ತಿದೀನಿ."

ಮಂಡಿಗೆ ಕೆಲವು ವಾರ ವಿಶ್ರಾಂತಿ ಕೊಟ್ಟಳು. ಆ ನಡುವೆ ಅಣ್ಣನ ಫೋನ್ ಬಂತು. ಅವನ ದನಿಯಲ್ಲಿ ಯಾವತ್ತೂ ಇಲ್ಲದ ಅಳುಕು.

"ಸೈಕಲ್ಲಿಗೆ ಒಂದು ಲೈಟು ನೋಡಿದೆ ಕಣೇ. ತರಲಾ, ಬೇಡವಾ? ಬೇಡ ಅಂದ್ರೆ ಬೇಡ."

"ನನ್ನ ಹತ್ತಿರ ಲೈಟಿದೆ ಅಣ್ಣ. ನೀನು ಬಾ, ಪರದೆ ಬದಲಾಯಿಸಬೇಕು. ಏಣಿ ಹಿಡ್ಕೊಳ್ಳೋಕೆ ಒಬ್ಬರು ಬೇಕು."

"ಯಾವ ಬಣ್ಣ?" ಅಂದವನು ತಕ್ಷಣ, "ನಿಂಗೆ ಯಾವುದು ಬೇಕೋ ಅದು," ಅಂದ.

ಮಂಡಿ ಸರಿಹೋದ ಮೇಲೆ ಒಂದು ಬೆಳಗ್ಗೆ ಒಬ್ಬಳೇ ಗುಡ್ಡಕ್ಕೆ ಹೋದಳು. ಬುಡದಲ್ಲೇ ಗೇರ್ ಇಳಿಸಿದಳು. ನಾಚಿಕೆಯಾಗುವಷ್ಟು ನಿಧಾನ ಹೊರಟಳು. ಭುಜ ಸಡಿಲ. ಮುಂದಿನ ನಾಲ್ಕು ಮಾರು ರಸ್ತೆ, ಆಮೇಲೆ ಇನ್ನೊಂದು ನಾಲ್ಕು ಮಾರು. ನಡುವೆ ಲಾರಿಯೊಂದು ಎದುರಾಗಿ ನಿಲ್ಲಲೇಬೇಕಾಯಿತು. ಅದು ಹೋಗುವ ತನಕ ಕಾದು, ಸೈಕಲ್ಲನ್ನು ಅಡ್ಡ ಮಾಡಿ, ಒಂದೇ ತುಳಿತಕ್ಕೆ ಹೊರಟಳು. ತುದಿ ಬಂದದ್ದು ಗೊತ್ತಾದದ್ದು ಪೆಡಲ್ ಹಗುರವಾದಾಗ. ಈ ಸಲ ತಿರುಗಿ ನೋಡಿದರೆ ಹಿಂದೆ ಯಾರೂ ಇರಲಿಲ್ಲ.

ಯಾರಿಗಾದರೂ ಹೇಳಬೇಕು ಅನ್ನಿಸಿತು. ಯಾರಿಗೆ ಅಂತ ಯೋಚಿಸುವ ಮೊದಲೇ ಕಣ್ಣೆದುರು ಬಂದದ್ದು ಕೆನ್ನೆಯ ಮೇಲೆ ಬಣ್ಣದ ಕಲೆಯಿದ್ದ ಒಂದು ಮುಖ. ಅದಕ್ಕೂ ಅವಳಿಗೆ ಸಿಟ್ಟು ಬಂತು.

ಎಷ್ಟೋ ಭಾನುವಾರಗಳಿಂದ ಅವನು ಕಂಡಿರಲಿಲ್ಲ. ಗುಂಪಿನವರನ್ನು ಕೇಳಿದರೆ, ಕೆರೆ ರಸ್ತೆಯ ಗುಂಪನ್ನು ನೋಡಿಕೊಳ್ಳುತ್ತೇನೆ ಅಂತ ತಾನಾಗಿಯೇ ಹೋದನಂತೆ. ಬರಬೇಡಿ ಅಂದರೆ ನಿಜವಾಗಿಯೂ ಬರದೇ ಇರುವುದೇ? ಎಂಥ ಮನುಷ್ಯ ಇವನು?

ಸಂಜೆ ಅವನ ಶಾಲೆಗೇ ಹೋದಳು.

ಮಕ್ಕಳೆಲ್ಲ ಮನೆಗೆ ಹೋಗಿ ಆಗಿತ್ತು. ಡ್ರಾಯಿಂಗ್ ಕೋಣೆಯಲ್ಲಿ ಹಗ್ಗದ ಮೇಲೆ ಹಸಿ ಚಿತ್ರಗಳು ಒಣಗುತ್ತಿದ್ದವು: ಆರು ಕಾಲಿನ ಕುದುರೆ, ನೀಲಿ ಹಸು, ಮನೆಗಿಂತ ಎತ್ತರದ ಅಮ್ಮ. ಅವನು ಮೂಲೆಯ ಸಿಂಕಿನಲ್ಲಿ ಕುಂಚಗಳನ್ನು ತೊಳೆಯುತ್ತಿದ್ದ.

"ಇಷ್ಟು ದಿನ ಯಾಕೆ ಬರಲಿಲ್ಲ?"

ಅವನ ಕೈಯಿಂದ ಕುಂಚ ಜಾರಿತು. "ಬರಬೇಡಿ ಅಂದ್ರಲ್ಲ."

"ನಾನು ಹೇಳಿದ್ದಕ್ಕೆಲ್ಲ ಹೂಂ ಅಂತೀರಾ?"

"ಮೊದಲನೇ ದಿನದಿಂದ ಅದನ್ನೇ ಅಭ್ಯಾಸ ಮಾಡ್ತಿದೀನಿ."

ಅವಳು ಆರು ಕಾಲಿನ ಕುದುರೆಯನ್ನು ನೋಡಿದಳು.

"ಇವತ್ತು ಹತ್ತಿದೆ," ಅಂದಳು. "ದೊಡ್ಡ ಚಕ್ರದಲ್ಲೇ. ನಾನೇ ಹೇಳಿ ಹಾಕಿಸ್ಕೊಂಡೆ. ನೀವು ಮುಚ್ಚಿಟ್ಟಿದ್ದಕ್ಕೆ ಇನ್ನೂ ಸಿಟ್ಟಿದೆ."

"ಇರಬೇಕು. ಅದು ನಿಮಗೋಸ್ಕರ ಮುಚ್ಚಿಟ್ಟಿದ್ದಲ್ಲ. ಆ ನಗು ಹೋಗಿಬಿಟ್ರೆ ನನಗೇ ತಡ್ಕೊಳ್ಳೋಕೆ ಆಗಲ್ಲ ಅನ್ನಿಸ್ತು. ಸ್ವಾರ್ಥ ಅಷ್ಟೇ." ಅವನು ಕೊಳಾಯಿಯ ಕಡೆಯೇ ನೋಡುತ್ತ ಹೇಳಿದ. "ಇನ್ನೂ ಒಂದು ವಿಷಯ ಮುಚ್ಚಿಟ್ಟಿದೀನಿ. ಅದನ್ನ ಹೇಳಿದ್ರೂ ನಿಮ್ಮನ್ನ ತಳ್ಳಿದ ಹಾಗಾಗುತ್ತೇನೋ ಅಂತ ಹೆದರಿಕೆ."

"ಕೇಳಿದ್ರೆ ತಳ್ಳಿದ ಹಾಗಾಗಲ್ಲ ಮೇಷ್ಟ್ರೇ. ಕೇಳದೇ ಇದ್ರೇನೇ ಕಷ್ಟ."

"ಹಾಗಾದ್ರೆ ಕೇಳಲಾ?"

"ಕೇಳಿ."

ಅವನು ಒದ್ದೆ ಕೈಯನ್ನು ಅಂಗಿಗೇ ಒರೆಸಿಕೊಂಡ. ಅಂಗಿಯ ಮೇಲೆ ಹಸಿರು ಮೂಡಿತು.

"ನನಗೆ ನೀವು ಇಷ್ಟ. ನಿಮ್ಮ ಸಿಟ್ಟು ಸಮೇತ. ನನ್ನನ್ನ ಮದುವೆ ಆಗ್ತೀರಾ?"

"ಯೋಚನೆ ಮಾಡಿ ಹೇಳ್ತೀನಿ."

"ಎಷ್ಟು ದಿನ ಬೇಕಾದ್ರೂ ತಗೊಳ್ಳಿ," ಅಂದ. ನಿಜವಾಗಿಯೂ ಹಾಗೇ ಅಂದ. ಆಮೇಲೆ ಏನು ಮಾಡಬೇಕೋ ತಿಳಿಯದೆ ಸಿಂಕಿನ ಕಡೆ ತಿರುಗಿ, ಆಗಲೇ ತೊಳೆದಿದ್ದ ಕುಂಚವನ್ನೇ ಮತ್ತೆ ತೊಳೆಯತೊಡಗಿದ.

ಅವಳು ಪಕ್ಕಕ್ಕೆ ಬಂದು ಕೊಳಾಯಿ ನಿಲ್ಲಿಸಿದಳು.

"ಯೋಚನೆ ಮಾಡಿದೆ."

"ಏನಂತ?"

"ಹೂಂ ಅಂತ."